ವಿಜಯನಗರ ಜಿಲ್ಲೆ: ಹೆಸರಿನ ಹಿನ್ನೆಲೆ ಮತ್ತು ವ್ಯಾಪ್ತಿ

ಕರ್ನಾಟಕದ ಬಹುತೇಕ ಜಿಲ್ಲೆಗಳು ತಮ್ಮ ಆಡಳಿತ ಕೇಂದ್ರವಾದ ಊರಿನ ಹೆಸರನ್ನೇ ಧರಿಸಿವೆ. ಕೊಡಗು, ಉತ್ತರ ಕನ್ನಡ, ದಕ್ಷಿಣ ಕನ್ನಡಗಳಿಗೆ ನಾಡಿನ ಹೆಸರು ಆಧಾರ. 2021ರಲ್ಲಿ ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ ರಚಿಸಲಾದ ವಿಜಯನಗರ ಜಿಲ್ಲೆ ಈ ಎರಡು ಬಗೆಗೂ ಸೇರದು. ಅದರ ಕೇಂದ್ರ ಹೊಸಪೇಟೆ. ಹೆಸರಾದರೋ 1565ರ ಯುದ್ಧದ ತರುವಾಯ ಹಾಳಾದ ರಾಜಧಾನಿಯದು.

ಆ ರಾಜಧಾನಿ ನೆಲೆಗೊಂಡ ಕ್ಷೇತ್ರಕ್ಕೆ ಅದಕ್ಕಿಂತ ಪ್ರಾಚೀನವಾದ ಹೆಸರು ಪಂಪಾ. ಹಳಗನ್ನಡದ ಪಾಲು, ಪೂ, ಪೊಸ ಎಂಬ ಪದಗಳು ಹಾಲು, ಹೂ, ಹೊಸ ಎಂದಾದಂತೆ ಪಂಪೆಯು ಹಂಪೆಯಾಯಿತು. ಹಂಪಿ ಎಂಬುದು ಅದರ ಇನ್ನೊಂದು ರೂಪ. ಶಾಸನಗಳಲ್ಲಿ ರಾಜಧಾನಿಯನ್ನು ವಿಜಯನಗರ, ವಿದ್ಯಾನಗರ ಎಂದು ಕರೆಯಲಾಗಿದೆ. ನಗರ ಅಳಿದ ಮೇಲೆ ಅರಸರ ಹೆಸರು ಶಾಸನ ಮತ್ತು ಚರಿತ್ರೆಗಳಲ್ಲಿ ಉಳಿಯಿತು. ಜನರ ಬಾಯಲ್ಲಿ ಉಳಿದುದು ಹಂಪೆ.

ಹೊಸಪೇಟೆಯ ವಿಷಯದಲ್ಲಿಯೂ ಇದೇ ಕ್ರಮ ಕಾಣುತ್ತದೆ. ಕೃಷ್ಣದೇವರಾಯನು ತನ್ನ ರಾಣಿಯೊಬ್ಬಳ ಪ್ರೀತ್ಯರ್ಥ ಹೊಸ ಪಟ್ಟಣವನ್ನು ಕಟ್ಟಿಸಿದ ಸಂಗತಿ ಪೋರ್ಚುಗೀಸ್ ಪ್ರವಾಸಿ ಪೇಸ್‌ನ ಬರಹದಲ್ಲಿದೆ. ನಾಗಲಾಪುರವೆಂಬ ಆ ಪಟ್ಟಣವೇ ಹೊಸಪೇಟೆಯೆಂದು ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಗುರುತಿಸಿದ್ದಾನೆ. ರಾಣಿಯ ನೆನಪಿನ ಹೆಸರು ಬಳಕೆ ತಪ್ಪಿತು. ವ್ಯವಹಾರದಲ್ಲಿ ಹುಟ್ಟಿದ ‘ಹೊಸ ಪೇಟೆ’ ನಿಂತಿತು. ಹೀಗೆ ಎರಡು ನೆಲೆಗಳಲ್ಲಿಯೂ ರಾಜದತ್ತ ನಾಮ ಸೋತು ಜನಬಳಕೆಯ ನಾಮ ಗೆದ್ದಿದೆ. ನಾಲ್ಕೂವರೆ ಶತಮಾನಗಳ ಬಳಿಕ ರಾಜಧಾನಿಯ ಹೆಸರನ್ನು ಮತ್ತೆ ಆಡಳಿತದ ಬಳಕೆಗೆ ತಂದುದು ಸರ್ಕಾರದ ಆದೇಶ.

1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಸೇರಿದ ಈ ಸೀಮೆ ಮುಂದೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು; 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ಹೊಸ ಜಿಲ್ಲೆಯ ಅಧಿಸೂಚನೆ 2021ರ ಫೆಬ್ರವರಿಯಲ್ಲಿ ಹೊರಟು, ಅದೇ ವರ್ಷ ಅಕ್ಟೋಬರ್ 2ರಂದು ಉದ್ಘಾಟನೆ ನಡೆಯಿತು. ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ಅದರ ತಾಲ್ಲೂಕುಗಳು.

ಹೆಸರಿನ ಚಾರಿತ್ರಿಕ ವ್ಯಾಪ್ತಿಗೂ ಜಿಲ್ಲೆಯ ಗಡಿಗೂ ಹೊಂದಿಕೆಯಿಲ್ಲವೆಂಬುದು ಗಮನಾರ್ಹ. ವಿಜಯನಗರಕ್ಕೆ ಮುನ್ನ ಕಂಪಿಲರಾಯನ ರಾಜ್ಯಕ್ಕೆ ಹೆಸರಿತ್ತ ಕಂಪ್ಲಿ, ಹಿಂದೆ ಹೊಸಪೇಟೆ ತಾಲ್ಲೂಕಿನ ಭಾಗವಾಗಿದ್ದರೂ, ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿಯಿತು. 1949ರವರೆಗೆ ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದ ಸಂಡೂರೂ ಅಲ್ಲಿಯೇ ಇದೆ. ತುಂಗಭದ್ರೆಯ ಆಚೆಯ ಆನೆಗೊಂದಿ ಕೊಪ್ಪಳ ಜಿಲ್ಲೆಗೆ ಸೇರಿದೆ. ಇತ್ತ ಹಡಗಲಿ, ಹರಪನಹಳ್ಳಿಗಳು ರಾಜಧಾನಿಯಿಂದ ದೂರವಿದ್ದರೂ ಅದರ ಹೆಸರನ್ನು ಹೊತ್ತಿವೆ.

ಆದುದರಿಂದ ಸಂಶೋಧಕರೂ ಗ್ರಂಥಾಲಯಗಳೂ ‘ವಿಜಯನಗರ’ವೆಂಬ ಪದವನ್ನು ನಗರ, ಸಾಮ್ರಾಜ್ಯ, ಜಿಲ್ಲೆ ಎಂಬ ಮೂರು ಅರ್ಥಗಳಲ್ಲಿ ಬೇರ್ಪಡಿಸಿ ದಾಖಲಿಸಬೇಕು. ಬಿಜಾಪುರವು 2014ರಲ್ಲಿ ವಿಜಯಪುರವಾದ ಮೇಲೆ ಈ ಎಚ್ಚರ ಇನ್ನೂ ಅಗತ್ಯ. 2021ಕ್ಕೆ ಹಿಂದಿನ ಗೆಝೆಟಿಯರು, ಜನಗಣತಿ, ಶಾಸನ ವರದಿಗಳಲ್ಲಿ ಹೊಸಪೇಟೆ, ಹಂಪಿಗಳ ಸಾಮಗ್ರಿ ಬಳ್ಳಾರಿಯ ಹೆಸರಿನಲ್ಲಿಯೇ ದೊರೆಯುತ್ತದೆ. ಹೊಸ ಹೆಸರಿನಡಿ ಮಾತ್ರ ಹುಡುಕಿದವರಿಗೆ ಎರಡು ಶತಮಾನಗಳ ದಾಖಲೆ ಕಾಣದೆ ಹೋದೀತು.