ಬೆಟ್ಟದ ಸೈಕಲ್ಲಿಗೆ ಗ್ರಾಂ ಲೆಕ್ಕ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯಿತೆಂದರೆ ಅನೇಕ ಮನೆಗಳಲ್ಲಿ ಸೈಕಲ್ಲಿನ ಮಾತು ಏಳುತ್ತದೆ. ಮಗನಿಗೋ ಮಗಳಿಗೋ ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗ್ ಇರುವ 'ಡಬಲ್ ಶಾಕ್' ಸೈಕಲ್ಲೇ ಬೇಕು. 'ಎಷ್ಟಾಗುತ್ತದೆ?' ಎಂದು ಅಪ್ಪ ಕೇಳುತ್ತಾರೆ. 'ಬಿದ್ದರೆ ಗತಿಯೇನು?' ಎನ್ನುತ್ತಾರೆ ಅಮ್ಮ. 'ಗೇರು ಎಷ್ಟಿವೆ?' ಎಂದು ಗೆಳೆಯರು. ಆದರೆ ಬೆಟ್ಟ ಹತ್ತಬೇಕಾದ ಸೈಕಲ್ಲಿನ ಬಗ್ಗೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಅದರ ತೂಕ ಎಷ್ಟು?

ಅಗ್ಗದ ಡಬಲ್ ಶಾಕ್ ಸೈಕಲ್ಲೊಂದನ್ನು ತಕ್ಕಡಿಗೆ ಹಾಕಿದರೆ 17-18 ಕಿಲೋ ತೂಗುವುದು ಸಾಮಾನ್ಯ. ಜಾಣತನದಿಂದ ಮಾಡಿದ, ಎರಡೂ ಚಕ್ರಕ್ಕೆ ಶಾಕ್ ಅಬ್ಸಾರ್ಬರ್ ಇರುವ ಮೌಂಟನ್ ಬೈಕ್ 12-13 ಕಿಲೋಗೆ ನಿಲ್ಲುತ್ತದೆ. ಮೌಂಟನ್ ಬೈಕ್ ಎಂದರೆ ಮೋಟಾರು ಬೈಕಲ್ಲ. ಕಲ್ಲುಮಣ್ಣಿನ ಕಾಲುಹಾದಿಗೆ ಒಗ್ಗಿಸಿದ ಸೈಕಲ್. ಈ ಐದು ಕಿಲೋ ವ್ಯತ್ಯಾಸ ಎಲ್ಲಿಂದ ಬರುತ್ತದೆ, ಅದನ್ನು ಎಲ್ಲಿ ಇಳಿಸಬಹುದು, ಎಲ್ಲಿ ಇಳಿಸಲೇಬಾರದು ಎಂಬುದನ್ನು ತಿಳಿದು, ಬಿಡಿಭಾಗಗಳನ್ನು ಆರಿಸಿ ತನಗಾಗಿ ತಾನೇ ಸೈಕಲ್ ಜೋಡಿಸಿಕೊಳ್ಳುವುದು ಒಂದು ಹವ್ಯಾಸ. ಪಿಯುಸಿ ಭೌತಶಾಸ್ತ್ರದ ಅರ್ಧ ಪಾಠ ಅದರಲ್ಲೇ ಅಡಗಿದೆ.

ನಂದಿ ಹತ್ತುವ ಲೆಕ್ಕ

ಉತ್ತರ ಬೆಂಗಳೂರಿನವರಿಗೆ ಈ ಲೆಕ್ಕ ದೂರದ್ದಲ್ಲ. ಹೆಬ್ಬಾಳ, ಯಲಹಂಕ ದಾಟಿದರೆ ಸೈಕಲ್ ಸವಾರರ ಮೆಚ್ಚಿನ ನಂದಿಬೆಟ್ಟದ ದಾರಿ. ಯಲಹಂಕದ ಆಚೆ ಅವಲಹಳ್ಳಿ ಅರಣ್ಯದ ಕಾಲುಹಾದಿಗಳು ಮೌಂಟನ್ ಬೈಕಿನವರಿಗೆ ಬಹುಕಾಲದಿಂದ ಪರಿಚಿತ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ನಂದಿಬೆಟ್ಟದ ನೆತ್ತಿ 1,478 ಮೀಟರ್. ಏರಬೇಕಾದದ್ದು ಅಂದಾಜು 550 ಮೀಟರ್ ಎಂದಿಟ್ಟುಕೊಳ್ಳಿ.

ಐದು ಕಿಲೋ ಹೆಚ್ಚುವರಿ ತೂಕವನ್ನು ಅಷ್ಟು ಎತ್ತರಕ್ಕೆ ಒಯ್ಯಲು ಬೇಕಾದ ಶಕ್ತಿ 5 × 9.8 × 550, ಅಂದರೆ ಸುಮಾರು 27,000 ಜೂಲ್. 55 ಕಿಲೋ ತೂಕದ ವಿದ್ಯಾರ್ಥಿ 12 ಕಿಲೋದ ಸೈಕಲ್ ಏರಿದರೆ ಒಟ್ಟು 67 ಕಿಲೋ. ಅದರ ಮೇಲೆ ಐದು ಕಿಲೋ ಎಂದರೆ ಶೇಕಡಾ 7ರಷ್ಟು ಹೆಚ್ಚು ದುಡಿಮೆ. ಒಂದು ಗಂಟೆಯ ಏರಿಗೆ ನಾಲ್ಕೈದು ನಿಮಿಷ ಹೆಚ್ಚು. ಪ್ರಪಂಚ ಮುಳುಗುವ ವ್ಯತ್ಯಾಸವಲ್ಲ. ಆದರೆ ಕಾಲುಹಾದಿಯಲ್ಲಿ ಮರದ ಬೇರು ಅಡ್ಡ ಬಂದಾಗ ಮುಂದಿನ ಚಕ್ರ ಎತ್ತಬೇಕು, ಬಂಡೆ ಎದುರಾದರೆ ಸೈಕಲ್ಲನ್ನೇ ಹೆಗಲಿಗೇರಿಸಬೇಕು. ಅಲ್ಲಿ ಐದು ಕಿಲೋ ಬಲು ದೊಡ್ಡದು.

ಅಂಗಡಿಯಲ್ಲಿ ಸಿಗದ ಸೈಕಲ್

ಮೌಂಟನ್ ಬೈಕ್ ಹುಟ್ಟಿದ್ದೇ ಸ್ವಂತ ಕೈಗೆಲಸದಿಂದ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಯುವಕರು ಹಳೆಯ ದಪ್ಪ ಟಯರಿನ ಸೈಕಲ್ಲುಗಳನ್ನು ಬೆಟ್ಟದ ಮಣ್ಣುರಸ್ತೆಯಲ್ಲಿ ಇಳಿಸುತ್ತಿದ್ದರು. 1976ರಲ್ಲಿ ಆರಂಭವಾದ ಅವರ ಪಂದ್ಯಕ್ಕೆ 'ರಿಪ್ಯಾಕ್' ಎಂದು ಹೆಸರು. ಒಂದು ಸಲ ಇಳಿಯುವಷ್ಟರಲ್ಲಿ ಹಿಂಬದಿ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗುತ್ತಿತ್ತು. ಮತ್ತೆ ಗ್ರೀಸ್ ತುಂಬಿಯೇ ಮುಂದಿನ ಓಟ. ಆ ಗುಂಪಿನ ಜೋ ಬ್ರೀಜ್ 1977ರಲ್ಲಿ ಈ ಕೆಲಸಕ್ಕೆಂದೇ ಹೊಸ ಚೌಕಟ್ಟನ್ನು ಕಟ್ಟಿದ. 1989ರಲ್ಲಿ ರಾಕ್‌ಶಾಕ್ಸ್ ಕಂಪನಿಯ ಶಾಕ್ ಇರುವ ಮುಂಬದಿ ಫೋರ್ಕ್ ಬಂತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮೌಂಟನ್ ಬೈಕ್ ಓಟಕ್ಕೆ ಜಾಗ ಸಿಕ್ಕಿತು. ಮನೆಯ ಶೆಡ್ಡಿನ ಪ್ರಯೋಗ ಇಪ್ಪತ್ತೇ ವರ್ಷದಲ್ಲಿ ಒಲಿಂಪಿಕ್ಸ್ ಮುಟ್ಟಿತ್ತು.

ಸ್ಪ್ರಿಂಗ್ ಒಂದೇ ಸಾಲದು

ಶಾಕ್ ಅಬ್ಸಾರ್ಬರಿನಲ್ಲಿ ಎರಡು ಕೆಲಸಗಳಿವೆ. ಗುಂಡಿಯ ಏಟನ್ನು ನುಂಗುವುದು ಸ್ಪ್ರಿಂಗಿನ ಕೆಲಸ. ನುಂಗಿದ್ದನ್ನು ಚೆಂಡಿನಂತೆ ಪುಟಿಸದೆ ಅರಗಿಸಿಕೊಳ್ಳುವುದು ಎಣ್ಣೆಯ ಕೆಲಸ. ಕಚೇರಿಯ ಬಾಗಿಲು ಧಡ್ಡನೆ ಬಡಿಯದೆ ಮೆಲ್ಲನೆ ಮುಚ್ಚಿಕೊಳ್ಳುವುದನ್ನು ನೋಡಿದ್ದೀರಲ್ಲ, ಅದೇ ತತ್ವ. ಎಣ್ಣೆ ಸಣ್ಣ ರಂಧ್ರದ ಮೂಲಕ ನುಸುಳುವಾಗ ಚಲನೆಯ ಶಕ್ತಿ ಶಾಖವಾಗುತ್ತದೆ. ಅಗ್ಗದ ಡಬಲ್ ಶಾಕ್ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಇರುವುದು ಬರೀ ಉಕ್ಕಿನ ಸ್ಪ್ರಿಂಗ್. ಪೆಡಲ್ ತುಳಿದಾಗಲೆಲ್ಲ ಸೈಕಲ್ ಮೇಲೆ ಕೆಳಗೆ ತೊನೆಯುತ್ತದೆ. ಮುಂದಕ್ಕೆ ಹೋಗಬೇಕಾದ ಶಕ್ತಿ ಸ್ಪ್ರಿಂಗನ್ನು ಅದುಮುವುದರಲ್ಲೇ ಕಳೆದುಹೋಗುತ್ತದೆ.

ಹಗುರ ಸೈಕಲ್ಲಿನಲ್ಲಿ ಉಕ್ಕಿನ ಬದಲು ಗಾಳಿಯೇ ಸ್ಪ್ರಿಂಗ್. ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿದರೆ ಮೊದಲು ಮೆತ್ತಗೆ, ಒತ್ತಿದಷ್ಟೂ ಗಡಸಾಗುತ್ತದೆ. ಬಾಯ್ಲನ ನಿಯಮ ಹೇಳುವುದು ಇದನ್ನೇ. ಸವಾರನ ತೂಕಕ್ಕೆ ತಕ್ಕಂತೆ ಗಾಳಿ ತುಂಬಬಹುದಾದ್ದರಿಂದ 45 ಕಿಲೋದ ಹುಡುಗಿಗೂ 80 ಕಿಲೋದ ತಂದೆಗೂ ಒಂದೇ ಶಾಕ್ ಸಾಕು.

ಸರಿಯಾಗಿದೆಯೇ ಎಂದು ನೋಡುವ ಬಗೆಯೂ ಸುಲಭ. ಶಾಕಿನ ದಂಡದ ಮೇಲೆ ಒಂದು ರಬ್ಬರ್ ಉಂಗುರ ಇರುತ್ತದೆ. ಉಂಗುರವನ್ನು ಬುಡಕ್ಕೆ ತಳ್ಳಿ, ಸವಾರ ಮೆಲ್ಲನೆ ಕುಳಿತು ಇಳಿದ ಮೇಲೆ ಅದು ಸರಿದ ದೂರ ಅಳೆಯಬೇಕು. 45 ಮಿ.ಮೀ. ಚಲಿಸುವ ಶಾಕ್ ಆದರೆ 11ರಿಂದ 13 ಮಿ.ಮೀ. ಕುಸಿದಿರಬೇಕು. ಹೆಚ್ಚಾದರೆ ಗಾಳಿ ತುಂಬಿ, ಕಡಿಮೆಯಾದರೆ ಬಿಡಿ.

ಕೊಳವೆಯ ಗುಟ್ಟು

'ಅಲ್ಯೂಮಿನಿಯಂ ಹಗುರ, ಅದಕ್ಕೇ ಸೈಕಲ್ ಹಗುರ' ಎಂಬುದು ಅರ್ಧ ಸತ್ಯ. ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ 7.85 ಗ್ರಾಂ, ಅಲ್ಯೂಮಿನಿಯಂನದು 2.7. ಆದರೆ ಬಿಗಿತದಲ್ಲೂ ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಭಾಗ ಮಾತ್ರ. ಹಗುರವಾದಷ್ಟೇ ಮೆತ್ತಗೆ! ಹಾಗಾದರೆ ಲಾಭ ಎಲ್ಲಿ? ಕೊಳವೆಯ ಆಕಾರದಲ್ಲಿ. ತೆಳು ಗೋಡೆಯ ಕೊಳವೆಯ ವ್ಯಾಸವನ್ನು ಇಮ್ಮಡಿ ಮಾಡಿ, ಗೋಡೆಯ ದಪ್ಪವನ್ನು ಅರ್ಧಕ್ಕಿಳಿಸಿದರೆ ತೂಕ ಅಷ್ಟೇ ಇರುತ್ತದೆ, ಬಾಗದಿರುವ ಗುಣ ಮಾತ್ರ ನಾಲ್ಕು ಪಟ್ಟಾಗುತ್ತದೆ. ಹಗುರ ಲೋಹದಲ್ಲಿ ಗೋಡೆ ತೀರಾ ತೆಳುವಾಗದಂತೆ ವ್ಯಾಸ ಹಿಗ್ಗಿಸಬಹುದು. ಹೊಸ ಸೈಕಲ್ಲುಗಳ ಚೌಕಟ್ಟು ದಪ್ಪಗೆ ಕಾಣುವುದು ಇದಕ್ಕೇ. ಮಿತಿಯೂ ಇದೆ: ತೀರಾ ತೆಳುವಾದರೆ ತಂಪು ಪಾನೀಯದ ಡಬ್ಬಿಯಂತೆ ನುಗ್ಗಾಗುತ್ತದೆ.

ಇದಕ್ಕಿಂತ ಸೋಜಿಗದ್ದು ಚಕ್ರ. ಯಲಹಂಕದಲ್ಲಿ 1984ರಲ್ಲಿ ಉದ್ಘಾಟನೆಯಾದ ರೈಲು ಗಾಲಿ ಕಾರ್ಖಾನೆಯಲ್ಲಿ ಎರಕ ಹೊಯ್ಯುವ ಒಂದೊಂದು ಗಾಲಿಯೂ ನೂರಾರು ಕಿಲೋ ತೂಗುತ್ತದೆ. ಅದು ಭಾರವನ್ನು ಅದುಮಿಸಿಕೊಂಡು ಹೊರುತ್ತದೆ. ಸೈಕಲ್ಲಿನ ಚಕ್ರ ಒಂದು ಕಿಲೋದ ಆಸುಪಾಸು, ಹೊರುವುದು ಒಬ್ಬ ದೊಡ್ಡ ಮನುಷ್ಯನನ್ನು. ಅದರ 32 ಕಡ್ಡಿಗಳೂ ಎರಡು ಮಿ.ಮೀ. ದಪ್ಪದವು; ಅದುಮಿದರೆ ಬಾಗುತ್ತವೆ, ಆದರೆ ಎಳೆದರೆ ಬಗ್ಗುವುದಿಲ್ಲ. ಎಲ್ಲವನ್ನೂ ಮೊದಲೇ ಬಿಗಿಯಾಗಿ ಎಳೆದು ಕಟ್ಟಿರುವುದರಿಂದಲೇ ಚಕ್ರ ನಿಲ್ಲುತ್ತದೆ.

ಅಡುಗೆಮನೆಯ ತಕ್ಕಡಿ

ಜೋಡಿಸುವವನ ಮೊದಲ ಉಪಕರಣ ಸ್ಪ್ಯಾನರ್ ಅಲ್ಲ, ಗ್ರಾಂ ತೋರಿಸುವ ತಕ್ಕಡಿ ಮತ್ತು ಒಂದು ನೋಟ್‌ಬುಕ್. 120 ಮಿ.ಮೀ. ಚಲನೆಯ ಅಲ್ಯೂಮಿನಿಯಂ ಸೈಕಲ್ಲಿನ ಸ್ಥೂಲ ಲೆಕ್ಕ ಹೀಗೆ: ಶಾಕ್ ಸಹಿತ ಚೌಕಟ್ಟು 3.2 ಕಿಲೋ, ಮುಂಬದಿ ಫೋರ್ಕ್ 1.8, ಚಕ್ರಗಳು 1.8, ಟಯರುಗಳು 1.5, ಪೆಡಲ್ ಹೊರತು ಚೈನು-ಗೇರುಗಳು 1.9, ಡಿಸ್ಕ್ ಬ್ರೇಕು 0.8, ಹ್ಯಾಂಡಲ್ಲು-ಸೀಟು-ಕಂಬ 1.1, ಪೆಡಲ್ 0.4. ಒಟ್ಟು ಹನ್ನೆರಡೂವರೆ ಕಿಲೋ.

ಎಲ್ಲಿ ಇಳಿಸಬೇಕು? ಮೊದಲು ಟಯರು ಮತ್ತು ರಿಮ್ಮಿನಲ್ಲಿ. ಅಂಚಿನ ತೂಕ ಮುಂದಕ್ಕೂ ಸಾಗಬೇಕು, ಸುತ್ತಲೂ ತಿರುಗಬೇಕು; ಆದ್ದರಿಂದ ವೇಗ ಹೆಚ್ಚಿಸುವಾಗ ಅಲ್ಲಿನ ಒಂದು ಗ್ರಾಂ ಹೆಚ್ಚುಕಡಿಮೆ ಎರಡು ಗ್ರಾಂಗೆ ಸಮ. ಒಳಗಿನ ಟ್ಯೂಬ್ ತೆಗೆದು, ಟ್ಯೂಬ್‌ಲೆಸ್ ಟಯರಿಗೆ ರಂಧ್ರ ಮುಚ್ಚುವ ದ್ರವ ಹಾಕಿದರೆ ಚಕ್ರಕ್ಕೆ ನೂರು ಗ್ರಾಂನಷ್ಟು ಉಳಿತಾಯ. ಜಾಲಿ ಮುಳ್ಳಿನ ಪಂಚರ್ ಕಾಟವೂ ತಗ್ಗುತ್ತದೆ. ಮಡ್‌ಗಾರ್ಡು, ಸ್ಟ್ಯಾಂಡು, ಉದ್ದನೆಯ ಬೋಲ್ಟುಗಳು ನಂತರದ ಮಾತು.

ಎಲ್ಲಿ ಇಳಿಸಬಾರದು? ಹ್ಯಾಂಡಲ್, ಅದನ್ನು ಹಿಡಿಯುವ ಸ್ಟೆಮ್, ಫೋರ್ಕಿನ ಕುತ್ತಿಗೆ ಮತ್ತು ಬ್ರೇಕು. ಇವು ಮುರಿದರೆ ಮುನ್ಸೂಚನೆ ಸಿಗದು, ಹಿಡಿದುಕೊಳ್ಳಲು ಬೇರೇನೂ ಇರದು. ತೂಕ ಇಳಿಸಲು ಭಾಗಗಳಿಗೆ ತೂತು ಕೊರೆಯುವವರಿದ್ದಾರೆ. ಕಾಗದದ ಅಂಚಿಗೆ ಸಣ್ಣ ಸೀಳು ಹಾಕಿ ಎಳೆದರೆ ಅಲ್ಲಿಂದಲೇ ಹರಿಯುವಂತೆ, ತೂತಿನ ಅಂಚಿನಲ್ಲೇ ಒತ್ತಡ ಜಮೆಯಾಗಿ ಬಿರುಕು ಹುಟ್ಟುತ್ತದೆ. ಅಮ್ಮನ ಪ್ರಶ್ನೆಗೆ ಉತ್ತರ ಇಲ್ಲಿದೆ: ಹಗುರ ಸೈಕಲ್ಲು ತಾನಾಗಿ ಅಪಾಯವಲ್ಲ, ತಿಳಿಯದೆ ಹಗುರ ಮಾಡಿದ್ದು ಅಪಾಯ.

ಚೌಕಟ್ಟನ್ನೇ ಮನೆಯಲ್ಲಿ ಬೆಸುಗೆ ಹಾಕುವ ಆಸೆಯೂ ಬೇಡ. ಸೈಕಲ್ಲಿಗೆ ಬಳಸುವ 6061 ಅಲ್ಯೂಮಿನಿಯಂ ಮಿಶ್ರಲೋಹ ಬೆಸುಗೆಯ ಶಾಖಕ್ಕೆ ತನ್ನ ಬಲದ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ. ಇಡೀ ಚೌಕಟ್ಟನ್ನು ಸುಮಾರು 530 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ನೀರಿನಲ್ಲಿ ಅದ್ದಿ, ಮತ್ತೆ 160-180 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಮಾತ್ರ ಬಲ ಮರಳುತ್ತದೆ. ಯಶವಂತಪುರದ ಪಕ್ಕದ ಪೀಣ್ಯದಲ್ಲಿ ಲೋಹಕ್ಕೆ ಶಾಖ ಸಂಸ್ಕಾರ ನೀಡುವ ಘಟಕಗಳಿವೆ. ಆ ಕುಲುಮೆಗಳನ್ನು ಕಂಡವರಿಗೆ ಇದು ಹಿತ್ತಲಿನ ಕೆಲಸವಲ್ಲವೆಂದು ತಾನಾಗಿಯೇ ತಿಳಿಯುತ್ತದೆ. ಪರೀಕ್ಷೆಗೊಳಪಟ್ಟ ಚೌಕಟ್ಟನ್ನು ಕೊಂಡು ಉಳಿದದ್ದನ್ನು ಜೋಡಿಸುವುದೇ ವಿವೇಕ.

ಕೈಗೆ ಬರುವ ವಿದ್ಯೆ

ಚೌಕಟ್ಟನ್ನು ಮೊದಲು ಆರಿಸಬೇಕು, ಅದೂ ಸವಾರನ ಎತ್ತರಕ್ಕೆ. ಹಬ್ಬಿನ ಅಗಲ, ಪೆಡಲ್ ಅಚ್ಚಿನ ಮರೆ, ಫೋರ್ಕಿನ ಕುತ್ತಿಗೆ, ಶಾಕಿನ ಉದ್ದ ಎಲ್ಲವೂ ಅದಕ್ಕೆ ಹೊಂದಬೇಕು. ಈಗಿನ ಅನೇಕ ಚೌಕಟ್ಟುಗಳಿಗೆ 148 ಮಿ.ಮೀ. ಅಗಲದ ಹಿಂಬದಿ ಹಬ್ ಬೇಕು. ಹಳೆಯ 135ರದ್ದು ಕೂರುವುದಿಲ್ಲ. ಹಣ ಕೊಡುವ ಮೊದಲು ಇವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು ತಾಳೆ ನೋಡಬೇಕು.

ಬೋಲ್ಟು ಬಿಗಿಯುವುದಕ್ಕೂ ಲೆಕ್ಕವಿದೆ. ಹ್ಯಾಂಡಲ್ಲಿನ ಸಣ್ಣ ಬೋಲ್ಟುಗಳಿಗೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಸಾಕು, ಅಂದರೆ 20 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಗೆ ಎರಡೂವರೆ ಕಿಲೋ ತೂಗುಹಾಕಿದಷ್ಟು. ಅಳತೆ ತೋರುವ ಟಾರ್ಕ್ ರೆಂಚ್ ಇಲ್ಲದೆ ಹಗುರ ಸೈಕಲ್ಲಿಗೆ ಕೈ ಹಾಕಬಾರದು. ಬಿಗಿತ ಎಷ್ಟೆಂದು ಹೆಚ್ಚಿನ ಭಾಗಗಳ ಮೇಲೇ ಅಚ್ಚಾಗಿರುತ್ತದೆ.

ಚಕ್ರ ಕಟ್ಟುವ ವಿದ್ಯೆಯನ್ನು ಹತ್ತಿರದ ಸೈಕಲ್ ಶಾಪಿನಲ್ಲಿ ಕಲಿಯಬಹುದು. ಚಕ್ರದ ಬೆಂಡ್ ತೆಗೆದು ಪಳಗಿದ ಹಿರಿಯ ಮೆಕ್ಯಾನಿಕ್ ಕಡ್ಡಿಗಳನ್ನು ತಂಬೂರಿಯ ತಂತಿಯಂತೆ ಮೀಟಿ ನೋಡುತ್ತಾರೆ. ಒಂದೇ ಮಗ್ಗುಲಿನ ಕಡ್ಡಿಗಳು ಒಂದೇ ಸ್ವರ ಕೊಟ್ಟರೆ ಬಿಗಿ ಸಮನಾಗಿದೆಯೆಂದು ಅರ್ಥ. ಮಂಕು ದನಿಯ ಕಡ್ಡಿ ಸಡಿಲ.

ಇದರಿಂದ ಹಣ ಉಳಿಯುತ್ತದೆಯೇ? ಇಲ್ಲ. ಕಂಪನಿಗಳು ಬಿಡಿಭಾಗಗಳನ್ನು ಸಗಟಾಗಿ ಕೊಳ್ಳುವುದರಿಂದ ಅದೇ ಗುಣಮಟ್ಟದ ಸಿದ್ಧ ಸೈಕಲ್ಲೇ ಬಹುಪಾಲು ಅಗ್ಗ. ಹಗುರ, ಗಟ್ಟಿ, ಅಗ್ಗ ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಬಹುದು ಎಂಬುದು ಸೈಕಲ್ ಕಸುಬಿನ ಹಳೆಯ ಮಾತು. ಕಡಿಮೆ ಹಣವಿದ್ದವರು ಹಿಂಬದಿ ಶಾಕಿನ ಆಸೆ ಬಿಟ್ಟು, ಒಳ್ಳೆಯ ಮುಂಬದಿ ಫೋರ್ಕಿನ ಅಥವಾ ಶಾಕೇ ಇಲ್ಲದ ಸೈಕಲ್ ಕೊಂಡರೆ ಹಗುರವೂ ಗಟ್ಟಿಯೂ ಆದದ್ದು ಸಿಗುತ್ತದೆ.

ಉಳಿಯುವುದು ವಿದ್ಯೆ. 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15 ರಾಕೆಟ್ ಹೊತ್ತೊಯ್ದ 'ಸ್ಟಡ್‌ಸ್ಯಾಟ್' ಉಪಗ್ರಹ ಬೆಂಗಳೂರು-ಹೈದರಾಬಾದಿನ ಕಾಲೇಜು ವಿದ್ಯಾರ್ಥಿಗಳ ಕೃತಿ. ಒಂದು ಕಿಲೋಗೂ ಕಡಿಮೆ ತೂಕದ ಆ ಉಪಗ್ರಹದ ಭೂಕೇಂದ್ರ ಇದ್ದದ್ದು ಯಲಹಂಕದ ನಿಟ್ಟೆ ಮೀನಾಕ್ಷಿ ತಾಂತ್ರಿಕ ವಿದ್ಯಾಲಯದಲ್ಲಿ. ಗ್ರಾಂ ಎಣಿಸುವ, ಯಾವ ಭಾಗ ಯಾವ ಭಾರ ಹೊರುತ್ತದೆಂದು ಕೇಳುವ ಅಭ್ಯಾಸ ಅಲ್ಲೂ ಇದೇ.

ಮೊದಲ ಪಾಠಕ್ಕೆ ಹೊಸದೇನೂ ಬೇಡ. ಮೂಲೆಗೆ ಬಿದ್ದ ಹಳೆಯ ಸೈಕಲ್ಲನ್ನು ರಜೆಯಲ್ಲಿ ಪೂರ್ತಿ ಬಿಚ್ಚಿ, ತೂಗಿ, ಬರೆದಿಟ್ಟು, ಗ್ರೀಸ್ ಹಾಕಿ ಮತ್ತೆ ಜೋಡಿಸಲಿ. ಹೊಸದು ಸಿದ್ಧವಾದಾಗ ಮೊದಲ ಸವಾರಿ ಹೆಲ್ಮೆಟ್ ಧರಿಸಿ, ಸಮತಟ್ಟಾದ ಮೈದಾನದಲ್ಲಿ. ಹತ್ತು ಕಿಲೋಮೀಟರ್ ಆದ ಮೇಲೆ ಪ್ರತಿ ಬೋಲ್ಟನ್ನೂ ಮತ್ತೊಮ್ಮೆ ಅಳೆಯಬೇಕು, ಹೊಸ ಕಡ್ಡಿಗಳನ್ನು ಮತ್ತೊಮ್ಮೆ ಮೀಟಬೇಕು. ಕಾಡಿನ ಹಾದಿಗೆ ಇಳಿಯುವ ಮುನ್ನ ಅರಣ್ಯ ಇಲಾಖೆಯ ನಿಯಮ ವಿಚಾರಿಸಿ, ಜೊತೆಗೆ ದೊಡ್ಡವರೊಬ್ಬರಿರಲಿ. ತಾನು ಬಿಗಿದ ಬೋಲ್ಟಿನ ಮೇಲೆ ತಾನೇ ಕುಳಿತು ಇಳಿಜಾರಿಗೆ ಹೊರಡುವಾಗ ಬರುವ ಜವಾಬ್ದಾರಿಯನ್ನು ಯಾವ ಪಠ್ಯಪುಸ್ತಕವೂ ಕಲಿಸಲಾರದು.