ತಂತ್ರಾಂಶದ ಎಳೆಗಳಿಗೆ ಬೀಗ: ವರ್ತಕರು ಅರಿಯಬೇಕಾದ ವಿಷಯ

ಇ-ವೇ ಬಿಲ್ ಪದ್ಧತಿಯು 2017ರ ಸೆಪ್ಟೆಂಬರ್‌ನಲ್ಲಿ ದೇಶದಲ್ಲೇ ಮೊದಲು ನಮ್ಮ ರಾಜ್ಯದಲ್ಲಿ ಜಾರಿಗೆ ಬಂದಿತು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ, ನೋಂದಾಯಿತ ವರ್ತಕರ ನಡುವಿನ ಬಿಲ್ಲುಗಳ ಮಟ್ಟಿಗೆ, 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಹೀಗಾಗಿ ನಿಡಗುಂದಿಯ ಅಂಗಡಿಯ ಬಿಲ್ಲೂ ಇಂದು ಗೂಢಲಿಪಿಯ ರೂಪದಲ್ಲಿ ಅಂತರಜಾಲದ ಮೂಲಕ ಸಾಗುತ್ತದೆ.

ಈ ಗೂಢಲಿಪಿಯ ಕಾರ್ಯಕ್ಕೆ ಅನೇಕ ತಂತ್ರಾಂಶಗಳು ‘ಓಪನ್ ಎಸ್‌ಎಸ್‌ಎಲ್’ ಎಂಬ ಸಿದ್ಧ ಲೈಬ್ರರಿಯನ್ನು ಬಳಸುತ್ತವೆ. ಹಲವು ಬಿಲ್ಲುಗಳನ್ನು ಏಕಕಾಲಕ್ಕೆ ಕಳುಹಿಸಲು ಕೆಲಸವನ್ನು ‘ಥ್ರೆಡ್’ ಎಂಬ ಎಳೆಗಳಾಗಿ ಹಂಚಲಾಗುತ್ತದೆ. ಖಾತೆವಹಿಯ ಒಂದೇ ಪುಟದಲ್ಲಿ ಇಬ್ಬರು ಗುಮಾಸ್ತರು ಒಮ್ಮೆಗೇ ಬರೆದರೆ ಶಿಲ್ಕು ತಾಳೆಯಾಗದು. ಹಾಗೆಯೇ ಎರಡು ಎಳೆಗಳು ಮೆಮೊರಿಯ ಒಂದೇ ಜಾಗವನ್ನು ಒಮ್ಮೆಗೇ ತಿದ್ದಿದರೆ ತಂತ್ರಾಂಶವು ಹಠಾತ್ತನೆ ನಿಲ್ಲಬಹುದು. ಒಂದರ ಕೆಲಸ ಮುಗಿಯುವವರೆಗೆ ಇನ್ನೊಂದನ್ನು ತಡೆಯುವ ವ್ಯವಸ್ಥೆಯೇ ‘ಲಾಕ್’, ಅರ್ಥಾತ್ ಬೀಗ.

1.1.0ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಈ ಬೀಗವನ್ನು ಒದಗಿಸುವ ಹೊಣೆ ತಂತ್ರಾಂಶ ತಯಾರಕರದಾಗಿತ್ತು. ಅವರು ಅದನ್ನು ಕೈಬಿಟ್ಟರೆ, ಒಂದೊಂದೇ ಬಿಲ್ಲಿನ ಪರೀಕ್ಷೆಯಲ್ಲಿ ಕಾಣದ ದೋಷವು ಸುಗ್ಗಿಯ ದಟ್ಟಣೆಯಲ್ಲಿ, ಲಾರಿ ತುಂಬಿ ನಿಂತಾಗ ತಲೆದೋರಬಹುದು. 2016ರ 1.1.0 ಆವೃತ್ತಿಯಿಂದ ಲೈಬ್ರರಿಯೇ ತನ್ನ ಒಳಗಿನ ಬೀಗಗಳನ್ನು ನೋಡಿಕೊಳ್ಳುತ್ತದೆ. ಆದರೂ ಒಂದೇ ಸಂಪರ್ಕವನ್ನು ಎರಡು ಎಳೆಗಳು ಏಕಕಾಲಕ್ಕೆ ಬಳಸದಂತೆ ಕಾಯುವ ಹೊಣೆ ಇಂದಿಗೂ ತಯಾರಕರದೇ.

1.0.2 ಆವೃತ್ತಿಯ ಸಾರ್ವಜನಿಕ ಬೆಂಬಲವು 2019ರ ಡಿಸೆಂಬರ್ 31ಕ್ಕೆ ಮುಗಿದಿದೆ. ಆದುದರಿಂದ ವಾರ್ಷಿಕ ನಿರ್ವಹಣಾ ಒಪ್ಪಂದವನ್ನು ನವೀಕರಿಸುವ ಮುನ್ನ, ಬಳಕೆಯಲ್ಲಿರುವ ಆವೃತ್ತಿ ಯಾವುದು, ಹಲವು ಬಿಲ್ಲುಗಳನ್ನು ಒಮ್ಮೆಗೇ ಕಳುಹಿಸಿ ಪರೀಕ್ಷಿಸಲಾಗಿದೆಯೇ ಎಂಬುದನ್ನು ವರ್ತಕ ಬಾಂಧವರು ಲಿಖಿತವಾಗಿ ಕೇಳತಕ್ಕದ್ದು. ತಂತ್ರಾಂಶವು ನಡುವೆ ನಿಂತಲ್ಲಿ, ಮರಳಿ ಕಳುಹಿಸುವ ಮೊದಲು ಬಿಲ್ ಈಗಾಗಲೇ ಸೃಷ್ಟಿಯಾಗಿದೆಯೇ ಎಂದು ಪೋರ್ಟಲ್‌ನಲ್ಲಿ ನೋಡಬೇಕು. ಇ-ವೇ ಬಿಲ್ ರದ್ದತಿಗೆ ಇರುವ ಅವಧಿ 24 ಗಂಟೆ ಮಾತ್ರ.