ಗಾಯಕ್ಕೆ ಹಚ್ಚುವ ಸೊಪ್ಪು, ಅರಿಶಿನ: ಮನೆಮದ್ದು ವಿಜ್ಞಾನ ಪಾಠಕ್ಕೆ ಬಂದಾಗ

ಎಂಟನೇ ತರಗತಿಯ ಸೂಕ್ಷ್ಮಜೀವಿಗಳ ಪಾಠಕ್ಕೆ ಪೂರ್ವಜ್ಞಾನ ಪರೀಕ್ಷಿಸಲು ‘ಗಾಯವಾದರೆ ಮನೆಯಲ್ಲಿ ಏನು ಹಚ್ಚುತ್ತಾರೆ?’ ಎಂಬ ಒಂದೇ ಪ್ರಶ್ನೆ ಸಾಕು. ಭದ್ರಾವತಿಯ ನನ್ನ ಬೋಧನಾಭ್ಯಾಸದ ತರಗತಿಯಲ್ಲಿ ಅರಿಶಿನ, ಕಾಫಿ ಪುಡಿ, ಲೋಳೆಸರ, ಬೇವು, ‘ಬೇಲಿ ಬದಿಯ ಸೊಪ್ಪು’ ಎಂದು ಉತ್ತರಗಳು ಬಂದವು. ಮೂಢನಂಬಿಕೆ ಎಂದು ತಳ್ಳಿದರೆ ಮಕ್ಕಳು ಬಾಯಿ ಮುಚ್ಚುತ್ತಾರೆ. ಹಿರಿಯರು ಹೇಳಿದ್ದೆಲ್ಲ ವಿಜ್ಞಾನವೇ ಎಂದುಬಿಟ್ಟರೆ ಕಲಿಸಲು ಏನೂ ಉಳಿಯುವುದಿಲ್ಲ.

ಆ ಬೇಲಿ ಬದಿಯ ಸೊಪ್ಪನ್ನು ಆಟದ ಮೈದಾನದ ಅಂಚಿನಲ್ಲೇ ತೋರಿಸಬಹುದು. ಉದ್ದ ತೊಟ್ಟಿನ ತುದಿಯಲ್ಲಿ ಹಳದಿ ನಡುವಿನ, ಬಿಳಿ ಎಸಳಿನ ಪುಟ್ಟ ಹೂ. ಸಸ್ಯಶಾಸ್ತ್ರದಲ್ಲಿ ಟ್ರೈಡಾಕ್ಸ್ ಪ್ರೊಕಂಬೆನ್ಸ್. ಇದರ ಮೂಲ ಉಷ್ಣವಲಯದ ಅಮೆರಿಕ ಎಂದರೆ ಮಕ್ಕಳಿಗೆ ನಂಬಿಕೆಯೇ ಬರುವುದಿಲ್ಲ. ಹೊರಗಿನಿಂದ ಬಂದ ಕಳೆಯೂ ಮನೆಮದ್ದಾಗಿದೆ ಎಂದಮೇಲೆ ನಮ್ಮ ಹಿರಿಯರು ಹೊಸದನ್ನೂ ಪ್ರಯೋಗಿಸಿ ನೋಡಿದ್ದಾರೆ ಎಂದಾಯಿತು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಸಂಶೋಧಕರು 1990ರ ದಶಕದಲ್ಲಿ ಇದರ ಸಾರವನ್ನು ಇಲಿಗಳ ಗಾಯದ ಮೇಲೆ ಪರೀಕ್ಷಿಸಿದ್ದರು. ಆದರೆ ಪ್ರಯೋಗಾಲಯದ ಸಾರ ಬೇರೆ, ಅಂಗೈಯಲ್ಲಿ ಹೊಸಕಿದ ಎಲೆ ಬೇರೆ.

‘ಎಲೆ ಹಿಂಡಿದ ತಕ್ಷಣ ರಕ್ತ ನಿಂತಿತು’ ಎಂದು ಹುಡುಗನೊಬ್ಬ ಹೇಳಿದಾಗ ಕೇಳಬೇಕಾದ ಪ್ರಶ್ನೆ: ಎಲೆ ಹಚ್ಚದಿದ್ದರೆ ನಿಲ್ಲುತ್ತಿರಲಿಲ್ಲವೇ? ಸಣ್ಣ ತರಚು ಗಾಯದ ರಕ್ತ ಕೆಲವೇ ನಿಮಿಷಗಳಲ್ಲಿ ತಾನಾಗಿ ಹೆಪ್ಪುಗಟ್ಟುತ್ತದೆ. ನಿಯಂತ್ರಿತ ಪ್ರಯೋಗ ಏಕೆ ಬೇಕು ಎಂಬುದನ್ನು ಇದಕ್ಕಿಂತ ಸುಲಭವಾಗಿ ವಿವರಿಸಲಾಗದು. ಎಲೆಗೂ ಪಾಲಿರಬಹುದು. ಒಗರು ರುಚಿ ಕೊಡುವ ಟ್ಯಾನಿನ್‌ಗಳು ಪ್ರೋಟೀನಿಗೆ ಅಂಟಿ ಅದನ್ನು ಬಿಗಿಗೊಳಿಸುತ್ತವೆ. ಅಡಿಕೆಯ ಚೊಗರು ಕಂಡ ಮಲೆನಾಡಿನ ಮಕ್ಕಳಿಗೆ ಒಗರೆಂದರೇನೆಂದು ಹೇಳಿಕೊಡಬೇಕಿಲ್ಲ.

ಅರಿಶಿನದ ಕಥೆಯಲ್ಲಿ ಕೋರ್ಟು ಕಚೇರಿಯ ಸ್ವಾರಸ್ಯವೂ ಇದೆ. ಗಾಯಕ್ಕೆ ಅರಿಶಿನ ಬಳಸುವ ವಿಧಾನಕ್ಕೆ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ 1995ರಲ್ಲಿ ಪೇಟೆಂಟ್ ಪಡೆಯಿತು. ಭಾರತದ ಸಿಎಸ್‌ಐಆರ್ ಹಳೆಯ ಗ್ರಂಥ, ಲೇಖನಗಳನ್ನು ಮುಂದಿಟ್ಟು ಪ್ರಶ್ನಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಇದು ಹೊಸ ಶೋಧವಲ್ಲ ಎಂಬುದಷ್ಟೇ ಅಲ್ಲಿ ತೀರ್ಮಾನವಾದದ್ದು. ಎಷ್ಟು ಗುಣಕಾರಿ ಎಂಬುದಲ್ಲ. ಅರಿಶಿನದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಎಣ್ಣೆಯಲ್ಲಿ ಕರಗುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಕಲಸುವ ಅಜ್ಜಿಯ ರೂಢಿಗೆ ಹೀಗೊಂದು ಅರ್ಥವಿದೆ. ಅರಿಶಿನ ಹಚ್ಚಿದ ಜಾಗವನ್ನು ಸೋಪಿನಿಂದ ತೊಳೆದಾಗ ಕೆಂಪಾದರೆ ಅದು ರಕ್ತವಲ್ಲ, ಪ್ರತ್ಯಾಮ್ಲದ ಸೂಚನೆ. ಅರಿಶಿನ ಬಳಿದ ಕಾಗದ, ಸೋಪಿನ ನೀರು ಇಟ್ಟುಕೊಂಡು ತರಗತಿಯಲ್ಲೇ ತೋರಿಸಿ.

ಪಾಠದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಧನುರ್ವಾಯುವಿನ ಬಳಿ. ಅದರ ಬ್ಯಾಕ್ಟೀರಿಯಾ ಕ್ಲಾಸ್ಟ್ರಿಡಿಯಂ ಟೆಟಾನಿಯ ಬೀಜಕಗಳು ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತವೆ. ಅಂದರೆ ಬದುವಿನಿಂದ ಕಿತ್ತ, ತೊಳೆಯದ ಎಲೆಯ ಮೇಲೂ ಇರಬಹುದು. ಈ ಬ್ಯಾಕ್ಟೀರಿಯಾ ಬೆಳೆಯುವುದು ಆಮ್ಲಜನಕ ಇಲ್ಲದ ಕಡೆ. ಮೊಣಕಾಲಿನ ತರಚು ಗಾಯ ಗಾಳಿಗೆ ತೆರೆದಿರುತ್ತದೆ. ಮೊಳೆ ಅಥವಾ ಮುಳ್ಳು ಚುಚ್ಚಿದ ಗಾಯಕ್ಕೆ ಬಾಯಿ ಚಿಕ್ಕದು, ಆಳ ಹೆಚ್ಚು. ಅದರ ಮೇಲೆ ಸೊಪ್ಪು, ಕಾಫಿ ಪುಡಿ ಮೆತ್ತಿದರೆ ಕೊಳೆಯನ್ನು ಒಳಗೇ ಇಟ್ಟು ಮುಚ್ಚಿದಂತೆ. ಮೇಲೆ ರಕ್ತ ನಿಂತಿರುತ್ತದೆ, ಮನೆಯವರಿಗೆ ಸಮಾಧಾನವಾಗಿರುತ್ತದೆ. ಲಕ್ಷಣಗಳು ಸಾಮಾನ್ಯವಾಗಿ 3ರಿಂದ 21 ದಿನಗಳಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ಆ ಗಾಯವೇ ಮರೆತುಹೋಗಿರುತ್ತದೆ. ದೋಷ ಮೊಳೆಯ ತುಕ್ಕಿನದಲ್ಲ, ಅದಕ್ಕೆ ಅಂಟಿದ ಮಣ್ಣಿನದು ಎಂಬುದನ್ನೂ ಇಲ್ಲೇ ಹೇಳಬೇಕು. ಎಷ್ಟೋ ದೊಡ್ಡವರಿಗೂ ಇದು ಗೊತ್ತಿಲ್ಲ.

ಹೀಗಾಗಿ ‘ಸೊಪ್ಪು ಒಳ್ಳೆಯದೋ ಕೆಟ್ಟದೋ’ ಎಂಬ ಚರ್ಚೆಗಿಂತ ‘ಎಂಥ ಗಾಯ?’ ಎಂಬ ಪ್ರಶ್ನೆ ತರಗತಿಗೆ ಹೆಚ್ಚು ಉಪಯುಕ್ತ. ಯಾವ ಗಾಯವಾದರೂ ಮೊದಲು ಹರಿಯುವ ನೀರು ಮತ್ತು ಸೋಪು, ಆಮೇಲೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯುವುದು. ಚುಚ್ಚಿದ ಗಾಯ, ಪ್ರಾಣಿ ಕಚ್ಚಿದ ಗಾಯ, ಒತ್ತಿ ಹಿಡಿದರೂ ರಕ್ತ ನಿಲ್ಲದ ಗಾಯಗಳಿಗೆ ಮನೆಮದ್ದು ಬೇಡ, ಆಸ್ಪತ್ರೆಗೇ ಹೋಗಬೇಕು. ರಾಷ್ಟ್ರೀಯ ಲಸಿಕಾ ವೇಳಾಪಟ್ಟಿಯಲ್ಲಿ 10 ಮತ್ತು 16ನೇ ವಯಸ್ಸಿಗೆ ಟಿಡಿ ಚುಚ್ಚುಮದ್ದು ಇದೆ. ಎಂಟನೇ ತರಗತಿಯವರಿಗೆ ಮೊದಲನೆಯದು ಆಗಿರಬೇಕು. ಆಗಿದೆಯೇ ಎಂದು ಮನೆಯಲ್ಲಿ ಕೇಳಿ ಬರುವುದನ್ನೇ ಆ ದಿನದ ಮನೆಗೆಲಸವಾಗಿ ಕೊಡಬಹುದು.